ಆರು ಅಡಿ ಅಂತರ, ಒಂದು ಗಂಟೆ ಬಿಡುವು: ಕೋವಿಡ್ ಕಾಲದ ಕಾರ್ಖಾನೆ ತರಬೇತಿಯ ವಿಮರ್ಶೆ

ಸರ್ಕಾರಿ ಆದೇಶವೊಂದನ್ನು ವಿಜ್ಞಾನ ಮಾಸಿಕದಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ವಾಡಿಕೆಯಲ್ಲ. ಆದರೆ 2020ರಲ್ಲಿ ನಮ್ಮ ದುಡಿಯುವ ಜನರಲ್ಲಿ ಬಹುಪಾಲು ಮಂದಿ ಸೋಂಕು ಹೇಗೆ ಹರಡುತ್ತದೆಂಬುದನ್ನು ಕಲಿತದ್ದು ಪಠ್ಯಪುಸ್ತಕದಿಂದಲ್ಲ; ಕೆಲಸದ ಜಾಗದಲ್ಲಿ ಅಂಟಿಸಿದ ಭಿತ್ತಿಪತ್ರದಿಂದ, ಪಾಳಿ ಶುರುವಾಗುವ ಮುನ್ನ ಸೂಪರ್‌ವೈಸರ್ ಹೇಳಿದ ನಾಲ್ಕು ಮಾತಿನಿಂದ. ಆ ಭಿತ್ತಿಪತ್ರಕ್ಕೂ ಆ ನಾಲ್ಕು ಮಾತಿಗೂ ಮೂಲ ಆದೇಶವೇ. ಹಾಗಾಗಿ ಅದನ್ನೂ ಒಂದು ವಿಜ್ಞಾನ ಪಠ್ಯವೆಂದು ತಿಳಿದು, ಭೌತವಿಜ್ಞಾನದ ಮೇಷ್ಟರು ಉತ್ತರಪತ್ರಿಕೆ ನೋಡುವಂತೆ ನೋಡುವುದರಲ್ಲಿ ತಪ್ಪೇನಿಲ್ಲ.

ಕೇಂದ್ರ ಗೃಹ ಸಚಿವಾಲಯವು 2020ರ ಏಪ್ರಿಲ್ 15ರಂದು, ವಿಪತ್ತು ನಿರ್ವಹಣಾ ಕಾಯ್ದೆಯಡಿ ಈ ಆದೇಶವನ್ನು ಹೊರಡಿಸಿತು. ಲಾಕ್‌ಡೌನ್ ಮೇ 3ರವರೆಗೆ ಮುಂದುವರಿದಿತ್ತು. ಆಯ್ದ ಕೆಲವು ಕೆಲಸಗಳಿಗೆ ಏಪ್ರಿಲ್ 20ರಿಂದ ಅನುಮತಿ ಸಿಕ್ಕಿತ್ತು. ಕಾರ್ಖಾನೆ ತೆರೆಯಬೇಕಾದರೆ ಮಾಲೀಕರು ಏನೇನು ಮಾಡಬೇಕೆಂಬ ಪಟ್ಟಿ ಆದೇಶದ ಎರಡು ಅನುಬಂಧಗಳಲ್ಲಿದೆ. ಮುಖಗವಸು ಕಡ್ಡಾಯ. ಬಾಗಿಲಲ್ಲಿ ತಾಪಮಾನ ಪರೀಕ್ಷೆ. ಕೈ ತೊಳೆಯಲು ವ್ಯವಸ್ಥೆ, ಸ್ಯಾನಿಟೈಸರ್. ಪಾಳಿಗಳ ನಡುವೆ ಒಂದು ಗಂಟೆ ಬಿಡುವು. ಸಭೆಯಲ್ಲೂ ತರಬೇತಿಯಲ್ಲೂ ಆರು ಅಡಿ ಅಂತರದ ಆಸನ. ಲಿಫ್ಟಿನಲ್ಲಿ ಎರಡರಿಂದ ನಾಲ್ಕು ಮಂದಿ. ಗೇಟು, ಕ್ಯಾಂಟೀನು, ಶೌಚಾಲಯ, ಯಂತ್ರ, ಕಡೆಗೆ ಗೋಡೆ ಸಹಿತ ಎಲ್ಲ ಮೇಲ್ಮೈಗಳ ಸೋಂಕುನಿವಾರಣೆ. ಒಳಬರುವ ವಾಹನಗಳಿಗೆ ಔಷಧ ಸಿಂಪಡಣೆ. ಇವುಗಳ ನಡುವೆ ತಯಾರಿಕಾ ಘಟಕಗಳಿಗೆಂದೇ ಬರೆದ ಒಂದು ವಾಕ್ಯವಿದೆ: ಒಳ್ಳೆಯ ನೈರ್ಮಲ್ಯಾಭ್ಯಾಸಗಳ ಬಗ್ಗೆ ತೀವ್ರ ಪ್ರಚಾರ ಮತ್ತು ತರಬೇತಿ ನಡೆಸಬೇಕು ಎಂದು ಅದರ ಅರ್ಥ.

ತರಬೇತಿಯ ಬಗ್ಗೆ ಇರುವುದು ಇಷ್ಟೇ. ಯಾರು ಕಲಿಸಬೇಕು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು, ಆ ಹೊತ್ತಿಗೆ ಕೂಲಿ ಉಂಟೇ ಇಲ್ಲವೇ ಎಂಬುದೊಂದೂ ಇಲ್ಲ. ಅದನ್ನು ಬೇಕಾದರೆ ಅವಸರದ ಫಲವೆಂದು ಬಿಡಬಹುದು. ನನ್ನ ತಕರಾರು ಇರುವುದು 'ನೈರ್ಮಲ್ಯ' ಎಂಬ ಪದದ ಬಗ್ಗೆ. ಆ ಪದ ಕಿವಿಗೆ ಬಿದ್ದೊಡನೆ ಕಣ್ಣಿಗೆ ಬರುವುದು ಸೋಪು, ನೀರು, ಫಿನಾಯಿಲ್, ನೆಲ ಒರೆಸುವ ಬಟ್ಟೆ. ಗಾಳಿ ಬರುವುದಿಲ್ಲ. ಎರಡೂ ಅನುಬಂಧಗಳನ್ನು ಓದಿ ನೋಡಿ: ಗೋಡೆಯ ಮಾತಿದೆ, ಗೋಡೆಯಲ್ಲಿರುವ ಕಿಟಕಿಯ ಮಾತಿಲ್ಲ.

ಹನಿ ಬೀಳುವ ಲೆಕ್ಕ

ಆ ಕಾಲದ ಭಿತ್ತಿಪತ್ರಗಳಲ್ಲಿ ಒಂದು ಚಿತ್ರ ಸಾಮಾನ್ಯವಾಗಿತ್ತು. ಎಡಗಡೆ ಕೆಮ್ಮುವ ಮನುಷ್ಯ, ಬಲಗಡೆ ಇನ್ನೊಬ್ಬ, ನಡುವೆ ಆರು ಅಡಿಯ ಗೆರೆ. ಬಾಯಿಂದ ಹೊರಟ ಹನಿಗಳು ಚಾಪದಂತೆ ಬಾಗಿ ಎರಡನೆಯವನ ಕಾಲ ಬುಡದಲ್ಲಿ ನೆಲ ಸೇರುತ್ತವೆ. ಪಿಯುಸಿ ವಿದ್ಯಾರ್ಥಿಗಳು ಈ ಚಾಪವನ್ನು ಕೂಡಲೇ ಗುರುತಿಸುತ್ತಾರೆ, ಅದು ಉತ್ಕ್ಷೇಪಕದ ಪರವಲಯ ಪಥ. ಆದರೆ ಗಾಳಿಯ ರೋಧವನ್ನು ಕೈಬಿಟ್ಟರೆ ಮಾತ್ರ ಪರವಲಯ ಸಿಗುತ್ತದೆ ಎಂಬ ಷರತ್ತನ್ನು ಅದೇ ಪಾಠದಲ್ಲಿ ಓದಿರುತ್ತೀರಿ. ಕಲ್ಲು ಎಸೆದಾಗ ಆ ಷರತ್ತು ನಡೆಯುತ್ತದೆ. ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ಚಿಕ್ಕ ಹನಿಗೆ ನಡೆಯುವುದಿಲ್ಲ.

ಸ್ಟೋಕ್ಸ್ ನಿಯಮವನ್ನು ನೆನಪಿಸಿಕೊಳ್ಳಿ. ಸ್ನಿಗ್ಧ ಮಾಧ್ಯಮದಲ್ಲಿ ಬೀಳುವ ಚಿಕ್ಕ ಗೋಳದ ಅಂತಿಮ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೀರಿನ ಹನಿಗೆ, ಗಾಳಿಯ ಸ್ನಿಗ್ಧತೆಯನ್ನು ಇಟ್ಟು ಲೆಕ್ಕ ಹಾಕಿ. 100 ಮೈಕ್ರೊಮೀಟರ್ ವ್ಯಾಸದ ಹನಿಯ ವೇಗ ಸೆಕೆಂಡಿಗೆ ಸುಮಾರು ಕಾಲು ಮೀಟರ್. ಬಾಯಿಯ ಮಟ್ಟದಿಂದ, ಅಂದರೆ ಒಂದೂವರೆ ಮೀಟರ್ ಎತ್ತರದಿಂದ ಅದು ಆರು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 5 ಮೈಕ್ರೊಮೀಟರ್ ಹನಿಯ ವೇಗ ಸೆಕೆಂಡಿಗೆ ಮುಕ್ಕಾಲು ಮಿಲಿಮೀಟರ್. ಅದೇ ಎತ್ತರ ಇಳಿಯಲು ಅದಕ್ಕೆ ಅರ್ಧ ಗಂಟೆಗೂ ಹೆಚ್ಚು ಬೇಕು. ಅದೂ ಗಾಳಿ ಅಲುಗದೆ ನಿಂತಿದ್ದರೆ. 1 ಮೈಕ್ರೊಮೀಟರ್ ಕಣಕ್ಕೆ ಹತ್ತು ಗಂಟೆಯೂ ಸಾಲದು. ಫ್ಯಾನು ತಿರುಗುವ ಕೋಣೆಯಲ್ಲಿ ಇಂಥ ಕಣ 'ಬೀಳುತ್ತದೆ' ಎನ್ನುವ ಮಾತಿಗೆ ಅರ್ಥವೇ ಇಲ್ಲ.

ಮುಂದಕ್ಕೆ ಹೋಗುವ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹೊರಟ 5 ಮೈಕ್ರೊಮೀಟರ್ ಹನಿಯನ್ನು ನಿಶ್ಚಲ ಗಾಳಿ ಒಂದು ಮಿಲಿಮೀಟರಿನೊಳಗೆ ನಿಲ್ಲಿಸಿಬಿಡುತ್ತದೆ. 100 ಮೈಕ್ರೊಮೀಟರ್ ಹನಿಯೂ ಒಂದಡಿ ದಾಟುವುದು ಕಷ್ಟ. ಹಾಗಾದರೆ ಅವು ಎದುರಿನವರನ್ನು ಮುಟ್ಟುವುದಾದರೂ ಹೇಗೆ? ಹನಿಗಳು ಒಂಟಿಯಾಗಿ ಹೋಗುವುದಿಲ್ಲ. ಬಾಯಿಂದ ಹೊರಟ ಬೆಚ್ಚಗಿನ, ತೇವದ ಗಾಳಿಮೋಡದ ಜೊತೆ ಸವಾರಿ ಮಾಡುತ್ತವೆ. ಅಮೆರಿಕದ ಎಂಐಟಿಯ ಲಿಡಿಯಾ ಬುರೂಯಿಬಾ ಸೀನಿನ ಮೋಡವನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು, ಅದು 7ರಿಂದ 8 ಮೀಟರ್‌ವರೆಗೂ ಹೋಗಬಲ್ಲದೆಂದು 2020ರ ಮಾರ್ಚಿನಲ್ಲೇ ಬರೆದರು. ಅಂದರೆ ಆರು ಅಡಿಯ ಗೆರೆ ಪೂರ್ತಿ ಸುಳ್ಳಲ್ಲ, ಆದರೆ ಅದು ಗೋಡೆಯೂ ಅಲ್ಲ. ಹತ್ತಿರದಲ್ಲಿ ಮೋಡ ದಟ್ಟ, ದೂರದಲ್ಲಿ ವಿರಳ. ಅಂತರದಿಂದ ಸಿಗುವ ಲಾಭ ಅಷ್ಟು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಟು ಗಂಟೆ ಕುಳಿತವರಿಗೆ ಆ ಲಾಭವೂ ಕರಗುತ್ತ ಹೋಗುತ್ತದೆ.

ಇದು ಹೊಸ ಜ್ಞಾನವೆಂದು ಯಾರೂ ಹೇಳುವಂತಿಲ್ಲ. ವಿಲಿಯಂ ಫರ್ತ್ ವೆಲ್ಸ್ 1934ರಲ್ಲೇ ದೊಡ್ಡ ಹನಿಗಳು ಬೇಗ ಬೀಳುತ್ತವೆ, ಚಿಕ್ಕವು ಬೀಳುವ ಮುನ್ನವೇ ಒಣಗಿ ತೇಲುವ ಕಣಗಳಾಗುತ್ತವೆ ಎಂದು ತೋರಿಸಿದ್ದರು. ಎರಡರ ನಡುವಿನ ಗಡಿ ಅವರ ಲೆಕ್ಕದಲ್ಲಿ ಸುಮಾರು 100 ಮೈಕ್ರೊಮೀಟರ್. ಆದರೆ ವೈದ್ಯಕೀಯ ಪುಸ್ತಕಗಳಲ್ಲಿ ಈ ಗಡಿ ಹೇಗೋ 5 ಮೈಕ್ರೊಮೀಟರ್ ಆಗಿಹೋಯಿತು. ಶ್ವಾಸಕೋಶದ ತಳದವರೆಗೆ ಇಳಿಯಬಲ್ಲ ಕ್ಷಯದ ಕಣಗಳ ಗಾತ್ರವನ್ನು, ಗಾಳಿಯಲ್ಲಿ ತೇಲಬಲ್ಲ ಕಣಗಳ ಗಾತ್ರವೆಂದು ಬೆರೆಸಿಕೊಂಡದ್ದೇ ಇದಕ್ಕೆ ಕಾರಣವೆಂದು ಕೇಟಿ ರಾಂಡಲ್, ಲಿನ್ಸಿ ಮಾರ್ ಮತ್ತು ಸಂಗಡಿಗರು 2021ರಲ್ಲಿ ಹಳೆಯ ಕಡತಗಳನ್ನು ಕೆದಕಿ ತೋರಿಸಿದರು. ಒಂದು ಸಂಖ್ಯೆ ತನ್ನ ಸಂದರ್ಭ ಬಿಟ್ಟು ಅಲೆದಾಡಿದರೆ ಎಂಥ ಅನಾಹುತವಾಗುತ್ತದೆಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಅಪರೂಪ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲ ಎಂದು ಸಾರಿತ್ತು. ಜುಲೈನಲ್ಲಿ ಲಿಡಿಯಾ ಮೊರಾವ್‌ಸ್ಕ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಬಹಿರಂಗ ಪತ್ರಕ್ಕೆ 239 ವಿಜ್ಞಾನಿಗಳ ಬೆಂಬಲ ದೊರೆಯಿತು. ಆ ಸಂಸ್ಥೆ ತನ್ನ ಪ್ರಶ್ನೋತ್ತರ ಪುಟವನ್ನು ಸ್ಪಷ್ಟವಾಗಿ ತಿದ್ದಿದ್ದು 2021ರ ಏಪ್ರಿಲ್ ಕೊನೆಗೆ. ಆದ್ದರಿಂದ 2020ರ ಏಪ್ರಿಲಿನ ಆದೇಶ ಬರೆದವರನ್ನು ಮಾತ್ರ ಹಿಡಿದು ಜಗ್ಗುವುದು ನ್ಯಾಯವಲ್ಲ. ವೈರಾಣುವಿನ ವಿಷಯ ಆಗಿನ್ನೂ ಅನಿಶ್ಚಿತವಾಗಿತ್ತು, ನಿಜ. ಹನಿ ಬೀಳುವ ವಿಷಯ ಮಾತ್ರ ಅನಿಶ್ಚಿತವಾಗಿರಲಿಲ್ಲ.

ಖಾಲಿ ಬಿಟ್ಟ ಆ ಒಂದು ಗಂಟೆ

ಆದೇಶದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವ ಅಂಶ ಪಾಳಿಗಳ ನಡುವಿನ ಒಂದು ಗಂಟೆಯ ಬಿಡುವು. ಬರೆದವರ ಉದ್ದೇಶ ಎರಡು ಪಾಳಿಯವರು ಗೇಟಿನಲ್ಲಿ ಗುಂಪು ಸೇರಬಾರದು ಎಂಬುದಿರಬೇಕು. ಅದೇ ಪಟ್ಟಿಯಲ್ಲಿ ಪಾಳಿಗಳ ನಡುವೆ ಕೆಲಸದ ಜಾಗವನ್ನು ಸೋಂಕುನಿವಾರಣೆ ಮಾಡಬೇಕೆಂದೂ ಇದೆ. ಅಂದರೆ ಆ ಗಂಟೆಯಲ್ಲಿ ನಡೆಯುವ ಕೆಲಸ ಒರೆಸುವುದು. ಆ ಗಂಟೆಯಲ್ಲಿ ಗಾಳಿಗೆ ಏನಾಗುತ್ತದೆ?

ಕೋಣೆಯ ಗಾಳಿ ಚೆನ್ನಾಗಿ ಬೆರೆತಿದೆ ಎಂದಿಟ್ಟುಕೊಳ್ಳಿ. ಹೊರಗಿನ ಹೊಸ ಗಾಳಿ ಒಳಬಂದಷ್ಟೇ ಒಳಗಿನದು ಹೊರಹೋಗುತ್ತದೆ. ಒಂದು ಗಂಟೆಯಲ್ಲಿ ಕೋಣೆಯ ಗಾತ್ರದಷ್ಟು ಹೊಸ ಗಾಳಿ ಎಷ್ಟು ಸಲ ಬಂದಿತೋ ಅದನ್ನು ಗಾಳಿಬದಲಿನ ಸಂಖ್ಯೆ ಎನ್ನೋಣ. ತೇಲುವ ಕಣಗಳ ಸಾಂದ್ರತೆ ವಿಕಿರಣಶೀಲ ಕ್ಷಯದಂತೆಯೇ ಘಾತೀಯವಾಗಿ ಇಳಿಯುತ್ತದೆ. ಕಿಟಕಿ ಮುಚ್ಚಿ, ಗಂಟೆಗೆ ಒಂದೇ ಬದಲು ಆಗುವ ಹಾಲ್‌ನಲ್ಲಿ ಬಿಡುವಿನ ಕೊನೆಗೆ ನೂರರಲ್ಲಿ 37 ಪಾಲು ಕಣಗಳು ಉಳಿದಿರುತ್ತವೆ. ಮೂರು ಬದಲಾದರೆ 5 ಪಾಲು. ಆರು ಬದಲಾದರೆ ಕಾಲು ಪಾಲು ಮಾತ್ರ, ಅಂದರೆ ಸಾವಿರದಲ್ಲಿ ಎರಡೂವರೆ. ಗಂಟೆಗೆ ಆರು ಬದಲಾಗುವ ಕೋಣೆಯಲ್ಲಿ ನೂರಕ್ಕೆ 99 ಪಾಲು ಹೊರಹೋಗಲು 46 ನಿಮಿಷ ಸಾಕು. ಒಂದೇ ಬದಲಾಗುವ ಕೋಣೆಗೆ ಅಷ್ಟೇ ಕೆಲಸಕ್ಕೆ ನಾಲ್ಕೂವರೆ ಗಂಟೆ ಬೇಕು.

ಆ ಬಿಡುವಿನ ನಿಜವಾದ ಉಪಯೋಗ ಇದು. ಎಲ್ಲ ಕಿಟಕಿ ಬಾಗಿಲು ತೆರೆದು ಎಕ್ಸಾಸ್ಟ್ ಫ್ಯಾನು ಹಾಕಿಟ್ಟರೆ ಹೊಸ ಪಾಳಿಯವರು ಶುದ್ಧ ಗಾಳಿಗೆ ಬರುತ್ತಾರೆ. ಗೋಡೆ ಒರೆಸುತ್ತ, ಔಷಧದ ವಾಸನೆ ತಡೆಯಲಾರದೆ ಬಾಗಿಲು ತೆರೆದಿಟ್ಟ ಕಡೆಗಳಲ್ಲಿ ಈ ಲಾಭ ಅಕಸ್ಮಾತ್ತಾಗಿ ಸಿಕ್ಕಿರಲೂಬಹುದು! ಆದರೆ ಏಕೆ ಬಿಡುವು ಎಂದು ತರಬೇತಿಯಲ್ಲಿ ಹೇಳದಿದ್ದಾಗ, ಉತ್ಪಾದನೆಯ ಒತ್ತಡ ಬಂದ ದಿನ ಮೊದಲು ಮೊಟಕಾಗುವುದು ಅದೇ ಬಿಡುವು. ಎಲ್ಲೂ ಗುಂಪಿಲ್ಲವಲ್ಲ, ಹದಿನೈದು ನಿಮಿಷ ಸಾಕು ಎಂದು ಯಾರಾದರೂ ಅಂದರೆ, ಆ ಮಾತಿಗೆ ಎದುರಾಡಲು ಬೇಕಾದ ವಿಷಯ ಕಾರ್ಮಿಕರ ಕೈಯಲ್ಲಿಲ್ಲ.

ಇಲ್ಲೇ ಇನ್ನೊಂದು ಮಾತು. ಮಾಡಿನ ಫ್ಯಾನು ಗಾಳಿಯನ್ನು ಕದಡುತ್ತದೆ, ಬದಲಿಸುವುದಿಲ್ಲ. ಮನೆ ಕಚೇರಿಗಳಲ್ಲಿ ಕಾಣುವ ಸ್ಪ್ಲಿಟ್ ಎಸಿ ಅದೇ ಗಾಳಿಯನ್ನು ತಣ್ಣಗೆ ಮಾಡಿ ವಾಪಸ್ಸು ಕೊಡುತ್ತದೆ. ಎಕ್ಸಾಸ್ಟ್ ಫ್ಯಾನು ಹೊರಗೆ ದೂಡುತ್ತದೆ, ಆದರೆ ಎದುರು ಗೋಡೆಯಲ್ಲಿ ಗಾಳಿ ಒಳಬರಲು ದಾರಿ ಇದ್ದರೆ ಮಾತ್ರ. ಈ ಮೂರು ವಾಕ್ಯಗಳಿಗಿಂತ ಹೆಚ್ಚು ಉಪಯುಕ್ತವಾದ ತರಬೇತಿ ನನಗೆ ತೋಚುವುದಿಲ್ಲ. ಆ ವರ್ಷ ಜೂನ್ 4ರಂದು ಆರೋಗ್ಯ ಸಚಿವಾಲಯ ಕಚೇರಿಗಳಿಗೆ ಕೊಟ್ಟ ಕಾರ್ಯವಿಧಾನದಲ್ಲಿ ಗಾಳಿಯ ಮಾತು ಬಂತು: ಎಸಿಯ ತಾಪ 24ರಿಂದ 30 ಡಿಗ್ರಿ, ತೇವಾಂಶ ಶೇಕಡ 40ರಿಂದ 70, ಹೊರಗಾಳಿ ಸಾಧ್ಯವಾದಷ್ಟು. 'ಸಾಧ್ಯವಾದಷ್ಟು' ಎಂಬುದನ್ನು ಅಳೆಯುವುದು ಹೇಗೆ? ತಾಪಕ್ಕೂ ತೇವಕ್ಕೂ ಅಂಕೆ ಕೊಟ್ಟು, ಮುಖ್ಯವಾದುದಕ್ಕೆ ಅಂಕೆ ಕೊಡದ ಈ ಬರವಣಿಗೆಯನ್ನು ಪ್ರಯೋಗದ ದಾಖಲೆ ಪುಸ್ತಕದಲ್ಲಿ ಕಂಡರೆ ನಾವು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇವೆ.

ಕಾಯ್ದೆ ಮೊದಲೇ ಇತ್ತು

ಮಾಲೀಕರ ಮೇಲೆ ತರಬೇತಿಯ ಹೊಣೆ 2020ರಲ್ಲಿ ಹೊಸದಾಗಿ ಬಂದದ್ದಲ್ಲ. ಮಹಾಮಾರಿಯ ಕಾಲದಲ್ಲಿ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಗೆ, ಭೋಪಾಲ ದುರಂತದ ನಂತರ 1987ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಆಗ ಸೇರಿದ 7ಎ ಕಲಮು ಕಾರ್ಮಿಕರ ಆರೋಗ್ಯ ಸುರಕ್ಷತೆಗೆ ಬೇಕಾದ ಮಾಹಿತಿ, ಸೂಚನೆ, ತರಬೇತಿ, ಮೇಲ್ವಿಚಾರಣೆ ಒದಗಿಸುವುದು ಕಾರ್ಖಾನೆ ನಡೆಸುವವರ ಕರ್ತವ್ಯವೆಂದಿತು. 111ಎ ಕಲಮು ಇನ್ನೂ ಮುಂದೆ ಹೋಗಿ ತರಬೇತಿಯನ್ನು ಕಾರ್ಮಿಕರ ಹಕ್ಕೆಂದು ಕರೆಯಿತು. ಸಾವಿರ ಮತ್ತು ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಡೆ ಸುರಕ್ಷತಾ ಅಧಿಕಾರಿ ಇರಬೇಕೆಂಬ ನಿಯಮವೂ ಇತ್ತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಾದ ಅದರಲ್ಲೂ ತರಬೇತಿಯ ಹೊಣೆ ಮಾಲೀಕರದೇ.

ಹಳೆಯ ಕಾಯ್ದೆಯ 16ನೆಯ ಕಲಮಿನಲ್ಲಿ ಒಂದು ಲೆಕ್ಕವಿತ್ತು, ಅದನ್ನು ತರಗತಿಯಲ್ಲಿ ಮಾಡಿಸಬಹುದು. ಹೊಸ ಕಾರ್ಖಾನೆಯಲ್ಲಿ ತಲಾ ಒಬ್ಬ ಕಾರ್ಮಿಕನಿಗೆ ಕನಿಷ್ಠ 14.2 ಘನ ಮೀಟರ್ ಜಾಗವಿರಬೇಕು, ನೆಲದಿಂದ 4.2 ಮೀಟರಿಗಿಂತ ಮೇಲಿನ ಎತ್ತರ ಲೆಕ್ಕಕ್ಕಿಲ್ಲ. (ಹಿಂದೆ ಇದು 500 ಘನ ಅಡಿ ಎಂದಿತ್ತು, ಬೆಸ ಅಂಕೆ ಬಂದದ್ದು ಮೆಟ್ರಿಕ್ ಪರಿವರ್ತನೆಯಿಂದ.) 14.2ನ್ನು 4.2ರಿಂದ ಭಾಗಿಸಿ: ನೆಲದ ಪಾಲು ಸುಮಾರು 3.4 ಚದರ ಮೀಟರ್. ಚೌಕವೆಂದು ತೆಗೆದುಕೊಂಡರೆ ಬದಿ 1.84 ಮೀಟರ್, ಅಂದರೆ ಆರು ಅಡಿ! ಯಂತ್ರ, ಮೇಜು, ಬಟ್ಟೆಯ ರಾಶಿ ಎಲ್ಲವನ್ನೂ ಸೇರಿಸಿ ಬರುವ ಸರಾಸರಿ ಇದು, ನಿಜ. ಆದರೂ ಆರು ಅಡಿಯ ಅಂತರ ಕಾಗದದ ಮೇಲೆ ದಶಕಗಳಿಂದ ನಮ್ಮಲ್ಲಿತ್ತು ಎಂದಾಯಿತು. ಸಾಲು ಸಾಲಾಗಿ ಹೊಲಿಗೆ ಯಂತ್ರ ಜೋಡಿಸಿದ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಒಳಗನ್ನು ಬಲ್ಲವರಿಗೆ ಕಾಗದಕ್ಕೂ ಹಾಲ್‌ಗೂ ಇರುವ ಅಂತರ ಗೊತ್ತು.

ಗಾತ್ರ ಒಂದೇ ಸಾಲದು ಎಂಬುದನ್ನೂ ಈ ಲೆಕ್ಕವೇ ತೋರಿಸುತ್ತದೆ. ಹಗುರ ಕೆಲಸ ಮಾಡುವ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡನ್ನು ಉಸಿರಿನಿಂದ ಬಿಡುತ್ತಾನೆ. 14.2 ಘನ ಮೀಟರಿನ ಪಾಲಿಗೆ ಗಂಟೆಗೆ ಒಂದು ಗಾಳಿಬದಲು ಇದ್ದರೆ, ಹೊರಗಿನ ದಶಲಕ್ಷಕ್ಕೆ 420 ಭಾಗದ ಮೇಲೆ ಇನ್ನೂ 1270 ಭಾಗ ಕೂಡಿ, ಸಾಂದ್ರತೆ 1700ರ ಹತ್ತಿರ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚಿನಲ್ಲಿ ಸೂಚಿಸಿದ, ತಲೆಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಕೊಟ್ಟರೆ ಅದು 920ಕ್ಕೆ ಇಳಿಯುತ್ತದೆ. ನಾವು ಬಿಡುವ ಉಸಿರಿನಲ್ಲಿ ಈ ಅನಿಲ ದಶಲಕ್ಷಕ್ಕೆ ಸುಮಾರು 38,000 ಭಾಗ ಹೆಚ್ಚಾಗಿರುತ್ತದೆ. ಹಾಗಾದರೆ 1700 ಇರುವ ಹಾಲ್‌ನಲ್ಲಿ ನೀವು ಒಳಗೆಳೆದುಕೊಳ್ಳುವ ಪ್ರತಿ ಮೂವತ್ತು ಉಸಿರಿನಲ್ಲಿ ಒಂದು ಪಾಲು ಇನ್ನೊಬ್ಬರ ಶ್ವಾಸಕೋಶದಿಂದ ಬಂದದ್ದು! ಎಂಟು ಗಂಟೆಯ ಪಾಳಿಗೆ ಎಷ್ಟಾಯಿತೆಂದು ವಿದ್ಯಾರ್ಥಿಗಳೇ ಗುಣಿಸಿ ನೋಡಲಿ.

ದಕ್ಷಿಣ ಕೊರಿಯದ ಸೋಲ್‌ನಲ್ಲಿ ಇದು ಲೆಕ್ಕವಾಗಿ ಉಳಿಯಲಿಲ್ಲ. 2020ರ ಮಾರ್ಚಿನಲ್ಲಿ ಅಲ್ಲಿನ 19 ಅಂತಸ್ತಿನ ಕಟ್ಟಡವೊಂದರ ಕಾಲ್‌ಸೆಂಟರ್‌ನಲ್ಲಿ ಸೋಂಕು ಕಾಣಿಸಿತು. ಪರೀಕ್ಷೆ ಮಾಡಿಸಿಕೊಂಡ 1143 ಮಂದಿಯಲ್ಲಿ 97 ಮಂದಿಗೆ ರೋಗ ದೃಢಪಟ್ಟಿತು. ಅವರಲ್ಲಿ 94 ಮಂದಿ ಹನ್ನೊಂದನೆಯ ಅಂತಸ್ತಿನ 216 ನೌಕರರ ಪೈಕಿಯವರು, ಅದರಲ್ಲೂ ಹೆಚ್ಚಿನವರು ಅಂತಸ್ತಿನ ಒಂದೇ ಪಾರ್ಶ್ವದಲ್ಲಿ ಕೂರುತ್ತಿದ್ದವರು. ಲಿಫ್ಟು, ಬಾಗಿಲು, ಮೊಗಸಾಲೆ ಎಲ್ಲ ಅಂತಸ್ತಿನವರಿಗೂ ಒಂದೇ. ಗುಂಡಿ ಒತ್ತಿದ್ದರಿಂದ ರೋಗ ಹರಡುವುದಾಗಿದ್ದರೆ ಕಟ್ಟಡದ ತುಂಬ ಹರಡಬೇಕಿತ್ತು. ಒಂದೇ ಹಾಲ್‌ನಲ್ಲಿ ಗಂಟೆಗಟ್ಟಲೆ ಕೂತು ಮಾತಾಡಿದವರಲ್ಲೇ ಅದು ಉಳಿಯಿತು. ತನಿಖೆ ಮಾಡಿದವರೂ ಒಟ್ಟಿಗೆ ಕಳೆದ ಅವಧಿಯೇ ಮುಖ್ಯ ಎಂದರು. ನಮ್ಮ ನಂಜನಗೂಡಿನಲ್ಲಿ ಅದೇ ತಿಂಗಳು ಔಷಧ ಕಾರ್ಖಾನೆಯೊಂದಕ್ಕೆ ಸಂಬಂಧಿಸಿ ಕಾಣಿಸಿಕೊಂಡ ಸೋಂಕು 70ಕ್ಕೂ ಹೆಚ್ಚು ಮಂದಿಗೆ ತಗುಲಿತು. ಅಲ್ಲಿ ಮೊದಲ ಸಂಶಯ ಹೋದದ್ದು ಚೀನಾದಿಂದ ಬಂದ ಕಚ್ಚಾವಸ್ತುವಿನ ಪೆಟ್ಟಿಗೆಗಳ ಮೇಲೆ. ವಸ್ತುವನ್ನು ಶಂಕಿಸುವುದು ಸುಲಭ, ಅದು ಕಣ್ಣಿಗೆ ಕಾಣುತ್ತದೆ. ಮುಟ್ಟಿದ ಮೇಲ್ಮೈಯಿಂದ ಸೋಂಕು ತಗುಲುವ ಸಂಭವ ಪ್ರತಿ ಸಲಕ್ಕೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲಿನಲ್ಲಿ ಹೇಳುವ ಹೊತ್ತಿಗೆ, ಎಷ್ಟು ಗೋಡೆಗಳಿಗೆ ಎಷ್ಟು ಡ್ರಮ್ಮು ಹೈಪೊಕ್ಲೋರೈಟ್ ಸುರಿದಾಗಿತ್ತೋ! ಮನುಷ್ಯರ ಮೇಲೂ ಸುರಿದರು. ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕಾರ್ಮಿಕರಿಗೆ ಅದನ್ನು ಸಿಂಪಡಿಸಿದ ಮೇಲೆ, ಏಪ್ರಿಲ್ 18ರಂದು ಆರೋಗ್ಯ ಸಚಿವಾಲಯವೇ ಹಾಗೆ ಮಾಡಕೂಡದೆಂದು ಹೇಳಬೇಕಾಯಿತು.

ಗೇಟಿನಲ್ಲಿ ಹಿಡಿದ ಯಂತ್ರ

ತಾಪಮಾನ ಪರೀಕ್ಷೆಯ ವಿಷಯ ಚಿಕ್ಕದು, ಆದರೆ ಅದರಲ್ಲೊಂದು ಪಾಠವಿದೆ. ಚರ್ಮ ಹೊರಸೂಸುವ ಅವಕೆಂಪು ವಿಕಿರಣವನ್ನು ಈ ಯಂತ್ರ ಅಳೆಯುತ್ತದೆ. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ 37ರಿಂದ 38 ಡಿಗ್ರಿಗೆ ಹೋದಾಗ ಒಟ್ಟು ವಿಕಿರಣದಲ್ಲಾಗುವ ಹೆಚ್ಚಳ ನೂರಕ್ಕೆ 1.3 ಮಾತ್ರ. ಬಿಸಿಲಲ್ಲಿ ಬಸ್ಸಿಗೆ ಕಾದು ಬಂದ ಹಣೆ, ಬೆವರು ಒಣಗುತ್ತಿರುವ ಹಣೆ, ಇವೆರಡರ ನಡುವಿನ ವ್ಯತ್ಯಾಸ ಇದಕ್ಕಿಂತ ಹೆಚ್ಚು. ಮಣಿಕಟ್ಟಿಗೆ ಹಿಡಿದು 34 ಎಂದು ಬರೆದುಕೊಳ್ಳುತ್ತಿದ್ದ ಕಾವಲುಗಾರರನ್ನು ನೀವೂ ಕಂಡಿರುತ್ತೀರಿ. 34 ಡಿಗ್ರಿ ದೇಹತಾಪದ ಮನುಷ್ಯ ಕಾರ್ಖಾನೆಗಲ್ಲ, ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಕಾವಲುಗಾರರ ತಪ್ಪೇನೂ ಇಲ್ಲ, ಯಂತ್ರ ಕೊಟ್ಟವರು ಅದರ ತರಬೇತಿ ಕೊಡಲಿಲ್ಲ. ಇನ್ನು ಜ್ವರವೇ ಬರದ, ಅಥವಾ ಜ್ವರ ಬರುವ ಮುನ್ನವೇ ಸೋಂಕು ಹರಡಬಲ್ಲವರನ್ನು ಯಾವ ತಾಪಮಾಪಕವೂ ಹಿಡಿಯಲಾರದು.

ಜ್ವರ ಬಂದವರು ಗೇಟಿಗೆ ಬಂದದ್ದಾದರೂ ಏಕೆ ಎಂಬ ಪ್ರಶ್ನೆ ಇದಕ್ಕಿಂತ ಮುಖ್ಯ. ಒಂದು ದಿನದ ಕೂಲಿ ಹೋದರೆ ಬಾಡಿಗೆಗೆ ತೊಂದರೆಯಾಗುವವರು ಪ್ಯಾರಸಿಟಮಾಲ್ ನುಂಗಿ ಬರುತ್ತಾರೆ. ಕಾರ್ಮಿಕ ರಾಜ್ಯ ವಿಮೆಯಲ್ಲಿ ಅರ್ಹರಾದವರಿಗೆ ಕಾಯಿಲೆಯ ದಿನಗಳಿಗೆ ಕೂಲಿಯ ಶೇಕಡ 70ರಷ್ಟನ್ನು, ವರ್ಷಕ್ಕೆ 91 ದಿನಗಳವರೆಗೆ ಕೊಡುವ ಏರ್ಪಾಡಿತ್ತು. ಇದನ್ನು ತರಬೇತಿಯಲ್ಲಿ ಹೇಳುವುದು 'ನೈರ್ಮಲ್ಯ'ದ ವ್ಯಾಪ್ತಿಗೆ ಬರಲಿಲ್ಲ.

ಬೇರೆ ರೀತಿ ಬರೆಯಬಹುದಿತ್ತೇ

ಬರೆಯಬಹುದಿತ್ತು ಎಂಬುದಕ್ಕೆ ಅದೇ ವರ್ಷದ ಇನ್ನೊಂದು ನಿಯಮ ಸಾಕ್ಷಿ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2020ರ ನವೆಂಬರ್ 30ರಿಂದ ಜಾರಿಗೆ ತಂದ ತುರ್ತು ನಿಯಮದಲ್ಲಿ, ಮಾಲೀಕರು ಕಾರ್ಮಿಕರಿಗೆ ಕಲಿಸಬೇಕಾದ ವಿಷಯಗಳನ್ನು ಒಂದೊಂದಾಗಿ ಹೆಸರಿಸಿದೆ. ರೋಗ ಗಾಳಿಯ ಮೂಲಕ ಹರಡಬಲ್ಲದು; ಮುಟ್ಟುವುದರಿಂದ ಹರಡುವುದು ಅದಕ್ಕಿಂತ ಕಡಿಮೆ; ಲಕ್ಷಣವಿಲ್ಲದವರಿಂದಲೂ ಹರಡಬಹುದು. ವೈರಾಣುವಿರುವ ಕಣಗಳು, ವಿಶೇಷವಾಗಿ ಒಳಾಂಗಣದಲ್ಲಿ, ಆರು ಅಡಿಗಿಂತ ದೂರ ಹೋಗಬಲ್ಲವು. ಆದ್ದರಿಂದ ಅಂತರವೊಂದೇ ಸಾಲದು, ಬೇರೆ ಕ್ರಮಗಳೂ ಜೊತೆಗಿರಬೇಕು. ಅನಾರೋಗ್ಯದ ರಜೆ, ಪರಿಹಾರ ಮುಂತಾಗಿ ಕಾರ್ಮಿಕರಿಗೆ ಸಿಗಬಹುದಾದ ಸೌಲಭ್ಯಗಳೇನು ಎಂಬುದೂ ತರಬೇತಿಯ ಭಾಗ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪುಟ ತಿದ್ದುವುದಕ್ಕೆ ಐದು ತಿಂಗಳ ಮೊದಲು, ಕಾನೂನು ಬರೆಯುವವರು ಇಷ್ಟು ಭೌತವಿಜ್ಞಾನವನ್ನು ಒಂದು ಕಲಮಿನಲ್ಲಿ ಹಿಡಿದಿಟ್ಟರು. ಇದು ಪವಾಡವಲ್ಲ. ಗಾಳಿಯಿಂದ ಹರಡುವ ರೋಗಗಳ ಬಗ್ಗೆ ಆಸ್ಪತ್ರೆ ಮೊದಲಾದ ಕಡೆಗಳಿಗೆ 2009ರಿಂದಲೇ ಅಲ್ಲಿ ಪ್ರತ್ಯೇಕ ನಿಯಮವಿತ್ತು, ಬರೆದು ರೂಢಿಯಿತ್ತು.

ಅಮೆರಿಕದ ಕೇಂದ್ರ ಸರ್ಕಾರ ಇಷ್ಟು ಚುರುಕಾಗಿರಲಿಲ್ಲ. ಅಲ್ಲಿನ ಔದ್ಯೋಗಿಕ ಸುರಕ್ಷತಾ ಆಡಳಿತ ತುರ್ತು ನಿಯಮ ತಂದದ್ದು 2021ರ ಜೂನಿನಲ್ಲಿ, ಅದೂ ಆರೋಗ್ಯ ಕ್ಷೇತ್ರಕ್ಕೆ ಮಾತ್ರ. ಆದರೆ ಅದರ ತರಬೇತಿಯ ಭಾಗ ಓದಲು ಯೋಗ್ಯವಾಗಿದೆ: ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ, ಅವರ ಓದಿನ ಮಟ್ಟಕ್ಕೆ ತಕ್ಕಂತೆ ಇರಬೇಕು, ವಿಷಯ ಬಲ್ಲವರೊಡನೆ ಪ್ರಶ್ನೋತ್ತರಕ್ಕೆ ಅವಕಾಶವಿರಬೇಕು. ರಕ್ತದಿಂದ ಹರಡುವ ರೋಗಗಳ ಬಗ್ಗೆ 1991ರಲ್ಲಿ ಮಾಡಿದ ನಿಯಮದಿಂದ ಬಂದ ಪದ್ಧತಿಯಿದು. ಈ ನಿಯಮಗಳ ಆಯುಸ್ಸು ಚಿಕ್ಕದಾಗಿತ್ತು. ಕೇಂದ್ರದ್ದು ಆ ವರ್ಷದ ಕೊನೆಗೇ ಬಹುಪಾಲು ಬಿದ್ದುಹೋಯಿತು. ಕ್ಯಾಲಿಫೋರ್ನಿಯದ್ದು ರೂಪ ಬದಲಿಸಿಕೊಳ್ಳುತ್ತ 2025ರ ಫೆಬ್ರವರಿವರೆಗೆ ಉಳಿಯಿತು.

ನಮ್ಮಲ್ಲಿ ಗಾಳಿಯ ಮಾತನ್ನು ನೇರವಾಗಿ ಆಡಿದ್ದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ. ಎರಡನೆಯ ಅಲೆಯ ನಡುವೆ, 2021ರ ಮೇ ತಿಂಗಳಲ್ಲಿ ಬಂದ ಅದರ ಸಲಹಾಪತ್ರ, ಹನಿಗಳು ಎರಡು ಮೀಟರಿನೊಳಗೆ ಬೀಳುತ್ತವೆ, ಆದರೆ ಏರೋಸಾಲ್ ಹತ್ತು ಮೀಟರ್‌ವರೆಗೆ ಹೋಗಬಲ್ಲದು, ಕಿಟಕಿ ಬಾಗಿಲು ತೆರೆದಿಡಿ, ಎಕ್ಸಾಸ್ಟ್ ಫ್ಯಾನು ಬಳಸಿ ಎಂದಿತು. ಒಳ್ಳೆಯ ಪತ್ರ, ಸರಳ ಚಿತ್ರಗಳು. ಆದರೆ ಅದು ಸಲಹೆ. ಗೋಡೆ ಒರೆಸುವುದು ಆದೇಶವಾಗಿ, ಕಿಟಕಿ ತೆರೆಯುವುದು ಸಲಹೆಯಾಗಿ ಉಳಿದದ್ದು ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕರಣದ ದೊಡ್ಡ ಕೊರತೆ. ಮೊದಲನೆಯದನ್ನು ಮಾಡದಿದ್ದರೆ ಮಾಲೀಕರಿಗೆ ದಂಡ, ಎರಡನೆಯದನ್ನು ಮಾಡದಿದ್ದರೆ ಏನೂ ಇಲ್ಲ.

'ಇಷ್ಟೆಲ್ಲ ಕಾರ್ಮಿಕರಿಗೆ ಅರ್ಥವಾಗುತ್ತದೆಯೇ' ಎಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಸೀದರೆ ಪಡಸಾಲೆಯಲ್ಲಿ ಕೂತವರು ಕೆಮ್ಮುತ್ತಾರೆ. ಆಗ ಯಾರೂ ಆರು ಅಡಿ ದೂರ ಸರಿದು ಸುಮ್ಮನಾಗುವುದಿಲ್ಲ, ಮೇಜು ಒರೆಸುವುದಿಲ್ಲ, ಕಿಟಕಿ ತೆರೆಯುತ್ತಾರೆ. ಹೊಲಿಗೆಯ ಹಾಲ್‌ನಲ್ಲಿ ಕೂತ ಹೆಣ್ಣುಮಕ್ಕಳಿಗೆ ಈ ಪಾಠ ಕೋವಿಡ್ ಬರುವ ಮೊದಲೇ ಬಂದಿತ್ತು, ಅದನ್ನು ರೋಗದೊಡನೆ ಜೋಡಿಸಿ ಹೇಳುವವರು ಬೇಕಿತ್ತು. ಭಾಷೆಯ ತೊಡಕು ಮಾತ್ರ ನಿಜವಾದದ್ದು. ಕನ್ನಡದ ಭಿತ್ತಿಪತ್ರವನ್ನು ಒಡಿಶಾದಿಂದಲೋ ಜಾರ್ಖಂಡಿನಿಂದಲೋ ಬಂದ ಹುಡುಗಿ ಓದಲಾರಳು. ಇಂಗ್ಲಿಷಿನದನ್ನು ಬಹುಶಃ ಯಾರೂ ಓದಲಿಲ್ಲ.

ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಆ ದಿನಗಳ ತರಬೇತಿ ದಾಖಲೆಗಳನ್ನು ಒಮ್ಮೆ ತೋರಿಸಿದರು. ಹಾಜರಿ, ಸಹಿ, ಹೆಬ್ಬೆಟ್ಟು ಎಲ್ಲ ಕ್ರಮವಾಗಿದ್ದವು. ಫೋಟೋದಲ್ಲಿ ಮೂವತ್ತು ಮಂದಿ ಆರಾರು ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಸಭಾಂಗಣದ ಎಸಿ ಓಡುತ್ತಿದೆ, ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿವೆ. ಆದೇಶದಲ್ಲಿ ಬರೆದದ್ದನ್ನೆಲ್ಲ ಅವರು ಚಾಚೂ ತಪ್ಪದೆ ಪಾಲಿಸಿದ್ದರು.

ತರಬೇತಿಗೆ ಒಂದು ಮಿತಿಯೂ ಇದೆ, ಅದನ್ನು ಹೇಳದಿದ್ದರೆ ವಿಮರ್ಶೆ ಅರ್ಧವಾಗುತ್ತದೆ. ಔದ್ಯೋಗಿಕ ಸುರಕ್ಷತೆಯಲ್ಲಿ ಅಪಾಯ ತಡೆಯುವ ಕ್ರಮಗಳಿಗೊಂದು ಶ್ರೇಣಿಯಿದೆ: ಅಪಾಯವನ್ನೇ ತೆಗೆಯುವುದು, ಬದಲಿ ಹುಡುಕುವುದು, ಯಂತ್ರ ಕಟ್ಟಡಗಳಲ್ಲಿ ತಡೆ ಹಾಕುವುದು, ನಂತರ ನಿಯಮ ತರಬೇತಿಗಳು, ಕೊನೆಗೆ ಮೈಮೇಲಿನ ರಕ್ಷಣೆ. ತರಬೇತಿ ನಾಲ್ಕನೆಯ ಮೆಟ್ಟಿಲು, ಮುಖಗವಸು ಐದನೆಯದು, ಗಾಳಿಯ ವ್ಯವಸ್ಥೆ ಮೂರನೆಯದು. ಮೇಲಿನ ಮೆಟ್ಟಿಲಿನ ಖರ್ಚು ಮಾಲೀಕರದು. ಕೆಳಗಿನ ಮೆಟ್ಟಿಲುಗಳಲ್ಲಿ ಎಡವಿದರೆ ದೂರು ಕಾರ್ಮಿಕರ ಮೇಲೆ. ಮುಖಗವಸು ಸರಿಯಾಗಿ ಹಾಕಲಿಲ್ಲ, ಕೈ ತೊಳೆಯಲಿಲ್ಲ ಎಂದು ಬೈಸಿಕೊಂಡವರೆಷ್ಟೋ ಮಂದಿ. ಎಕ್ಸಾಸ್ಟ್ ಫ್ಯಾನು ಏಕೆ ಕೆಟ್ಟಿದೆ ಎಂದು ಬೈಸಿಕೊಂಡವರ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ.

ಉಪಾಧ್ಯಾಯರಿಗೆ ಒಂದು ಪ್ರಯೋಗ. ತರಗತಿಯ ಒಂದು ಮೂಲೆಯಲ್ಲಿ ಊದುಬತ್ತಿ ಹಚ್ಚಿ. ಅದರ ಹೊಗೆಯ ಕಣಗಳು ಒಂದು ಮೈಕ್ರೊಮೀಟರಿಗಿಂತ ಚಿಕ್ಕವು, ಉಸಿರಿನ ತೇಲುವ ಕಣಗಳಂತೆಯೇ ಗಾಳಿಯೊಡನೆ ಸಾಗುತ್ತವೆ. ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಪರಿಮಳ ಬಂದೊಡನೆ ಕೈ ಎತ್ತುವಂತೆ ಮಕ್ಕಳಿಗೆ ಹೇಳಿ, ಸಮಯ ಗುರುತಿಸಿ. ನಂತರ ಫ್ಯಾನು ಹಾಕಿ ಮತ್ತೊಮ್ಮೆ. ಆಮೇಲೆ ಎದುರುಬದುರು ಕಿಟಕಿ ತೆರೆದು ಮೂರನೆಯ ಸಲ. ಪರಿಮಳದಲ್ಲಿ ಆವಿಯೂ ಇರುವುದರಿಂದ ಅದು ನಿಖರ ಅಳತೆಯಲ್ಲ, ಹೊಗೆಯ ಜಾಡನ್ನೂ ಕಣ್ಣಿಂದ ಗಮನಿಸಬೇಕು. ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಳ್ಳಲು ಅನುಕೂಲವಿರುವ ಶಾಲೆಗಳು ಐವತ್ತು ಮಕ್ಕಳ ತರಗತಿಯಲ್ಲಿ ಮೊದಲ ಪಾಠದ ಆರಂಭಕ್ಕೊಮ್ಮೆ, ಮೂರನೆಯ ಪಾಠದ ಕೊನೆಗೊಮ್ಮೆ ಓದಿ ಬರೆದಿಟ್ಟುಕೊಳ್ಳಲಿ. ಆ ಐವತ್ತರಲ್ಲಿ ಕೆಲವರ ತಾಯಂದಿರು ಅದೇ ಹೊತ್ತಿಗೆ ಯಾವುದೋ ಹೊಲಿಗೆ ಹಾಲ್‌ನಲ್ಲಿ ಕೂತಿರುತ್ತಾರೆ. ಮಕ್ಕಳು ಸಂಜೆ ಮನೆಗೆ ಹೋಗಿ, ನಿಮ್ಮ ಹಾಲ್‌ನಲ್ಲಿ ಕಿಟಕಿ ಎಷ್ಟು, ಅವುಗಳಲ್ಲಿ ತೆರೆಯುವಂಥವು ಎಷ್ಟು ಎಂದು ಕೇಳಿ ಬರಲಿ.